ಗ್ರಿಜೆಲ್ ಉಪ್ಪು ತಂದ ಬಗೆ

ಗ್ರಿಜೆಲ್ ಮೆಕ್‌ಕ್ರೆಡಿಯ ವಿಷಯ ಬರೆಯಲೇಬೇಕು. ಕಳೆದ ಚಳಿಗಾಲ ನಮ್ಮ ಗಡಿಕೋಟೆ ಉಳಿದದ್ದು ಅವಳಿಂದ. ರಾಜಧಾನಿಯಲ್ಲಿ ಕೇಳಿದರೆ ಶಾಸನಸಭೆಯಿಂದ ಎನ್ನುತ್ತಾರೆ. ಸಭೆ ಏನು ಮಾಡಿತೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಅವಳು ವಿಧವೆ. ಅಲೆಗನಿ ಬೆಟ್ಟ ದಾಟಿ ಹೇರುಕುದುರೆ ಹೊಡೆಯುವುದು ಕಸುಬು. ವಯಸ್ಸು ಕೇಳಿದವರಿಗೆ ಚಾವಟಿ ತೋರಿಸುತ್ತಾಳೆ. ಸಾಲಿನ ಹಿಂದಿನ ಕುದುರೆಗಳನ್ನು ನೋಡಿಕೊಳ್ಳುವವನು ನಾನು.

ಫ್ರೆಂಚರ ಜೊತೆ ಯುದ್ಧ ಶುರುವಾದ ಮೇಲೆ ನಾವೆಲ್ಲ ಮರದ ಗೂಟದ ಕೋಟೆಯೊಳಗೆ ಸೇರಿಕೊಂಡೆವು. ಹಂದಿಗಳೂ ನಮ್ಮ ಜೊತೆಗೇ. ಕೋಟೆಗೆ ಬೇಕಾದ್ದನ್ನು ಕಳಿಸುವುದು ಸಭೆಯ ಹೊಣೆ. ಆದರೆ ಯುದ್ಧದ ತೆರಿಗೆಯನ್ನು ದೊರೆಯಿಂದ ಪ್ರಾಂತವನ್ನೇ ಪಡೆದ ಒಡೆಯರ ಜಮೀನಿಗೂ ಹಾಕಬೇಕು ಎಂದು ಸಭೆ, ಕೂಡದು ಎಂದು ಆ ಒಡೆಯರೇ ನೇಮಿಸಿದ ಗವರ್ನರ್. ಅವರಿಬ್ಬರೂ ಒಪ್ಪಿ ಕಳಿಸಿದ ವಸ್ತು ಒಂದೇ, ಬಾವುಟ. ರೇಷ್ಮೆಯದು. ಬೇಯಿಸಲು ಬಾರದು.

ಹಂದಿ ಕೊಯ್ಯುವ ಚಳಿ ಬಂತು. ಉಪ್ಪಿಲ್ಲದೆ ಮಾಂಸ ನಿಲ್ಲುವುದಿಲ್ಲ, ಮಾಂಸವಿಲ್ಲದೆ ಜನ ನಿಲ್ಲುವುದಿಲ್ಲ. ಕೋಟೆ ಬಿಟ್ಟು ಹೊರಡಲು ಎಲ್ಲರೂ ಗಂಟು ಕಟ್ಟಿದರು. ಗ್ರಿಜೆಲ್‌ಳ ಮಗಳು ಎಲ್ಸ್‌ಪೆತ್ ತುಂಬು ಬಸುರಿ. ಅವಳನ್ನು ಹಿಮದಲ್ಲಿ ಬೆಟ್ಟ ಹತ್ತಿಸಿದರೆ ಬದುಕುವುದಿಲ್ಲ. ಜನ ಹೋದ ಕೋಟೆಯಲ್ಲಿ ಬಿಟ್ಟರೂ ಬದುಕುವುದಿಲ್ಲ.

“ನಾನು ಉಪ್ಪು ತಗೊಂಡು ವಾಪಸ್ ಬರೋದ್ರೊಳಗೆ ಯಾವನಾದ್ರೂ ಬಾಗಿಲು ದಾಟಿದ್ರೆ ಕಾಲು ಮುರೀತೀನಿ,” ಎಂದಳು ಗ್ರಿಜೆಲ್. ನನ್ನ ಕಡೆ ತಿರುಗಿ, “ಏನ್ ನೋಡ್ತಿದೀಯ ಆರ್ಚಿ? ಕುದುರೆ ಬಿಚ್ಚು.”

ರಾಜಧಾನಿ ತಲುಪಿದೆವು. ಉಪ್ಪು ಸಿದ್ಧವಾಗಿಯೇ ಇತ್ತು! ಸಭೆಯ ಉಗ್ರಾಣದಲ್ಲಿ ನಮ್ಮ ಕೋಟೆಯ ಹೆಸರು ಬರೆದ ಮೂಟೆಗಳು, ಬಾಗಿಲಿಗೆ ಬೀಗ. ಬೀಗ ತೆಗೆಯಲು ಸಭೆಯ ಅಪ್ಪಣೆಯೂ ಬೇಕು, ಗವರ್ನರನ ರುಜುವೂ ಬೇಕು.

ಬಾಗಿಲು ಕಾಯುವ ಟೋಬಿಯಾಸ್ ನಮ್ಮನ್ನು ತಡೆದ. “ಚರ್ಚೆ ನಡೀತಿದೆ. ಹೊರಗೆ ಕಾಯಮ್ಮ.”

“ಎಷ್ಟು ಹೊತ್ತು ಕಣಪ್ಪ?”

“ಹೋದ ವಸಂತದಿಂದ ನಡೀತಿದೆ.”

ಗ್ರಿಜೆಲ್ ಕಡಿವಾಣ ಬಿಚ್ಚಿದಳು. ಸಭೆಯ ಮನೆಗೂ ಗವರ್ನರನ ಮನೆಗೂ ನಡುವಿನ ಅಂಗಳದಲ್ಲಿ ಕುದುರೆಗಳನ್ನು ಮೇಯಲು ಬಿಟ್ಟಳು. ಅಲ್ಲಿನ್ನೂ ಹಿಮ ಬಿದ್ದಿರಲಿಲ್ಲ, ಒಳ್ಳೆಯ ಹುಲ್ಲು. ಒಂದೊಂದು ತಲೆ ಅಲುಗಿದಾಗಲೂ ಕೊರಳ ಗಂಟೆ ಢಣಢಣ ಎಂದಿತು. ಕಾಡಿನಲ್ಲಿ ಕುದುರೆ ಹುಡುಕಲು ಕಟ್ಟುವ ಗಂಟೆ ಅದು, ಎರಡು ಗುಡ್ಡ ದಾಟಿ ಕೇಳಬೇಕು.

ಟೋಬಿಯಾಸ್ ಓಡಿ ಬಂದ. “ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸ್ತಿಲ್ಲ!”

“ಅಷ್ಟರಮಟ್ಟಿಗೆ ಪುಣ್ಯ ಬಂತು ಬಿಡು.”

ಅವನು ಒಂದು ಹಿಡಿ ಹುಲ್ಲು ಕಿತ್ತು ಗಂಟೆಯೊಳಗೆ ತುರುಕಲು ಹೋದ. ಗ್ರಿಜೆಲ್ ಅವನ ಕೈಗೆ ಫಟ್ಟನೆ ಹೊಡೆದಳು.

“ಹೇರು ಹೇರಿದ ಮೇಲೆ ಹುಲ್ಲು ತುರುಕ್ತೀವಿ, ದಾರೀಲಿ ಶತ್ರುಗೆ ಕೇಳಬಾರ್ದು ಅಂತ. ಖಾಲಿ ಕುದುರೆ ಗಂಟೆ ಮುಚ್ಚೋದು ಯಜಮಾನ ಸತ್ತಾಗ. ನಾನು ಸತ್ತಿದೀನೇನೋ, ಮುಠ್ಠಾಳ?”

ನಮ್ಮವರಲ್ಲಿ ಇದಕ್ಕಿಂತ ದೊಡ್ಡ ಅಪಶಕುನವಿಲ್ಲ. ನಾನೂ ಕೋಲು ಹಿಡಿದು ನಿಂತೆ.

ಕುದುರೆಗಳನ್ನು ಓಡಿಸಬಹುದಿತ್ತು. ಆದರೆ ಅಂಗಳ ಯಾರದು? ಓಡಿಸುವ ಅಧಿಕಾರ ತನ್ನದು ಎಂದು ಸಭೆ, ತನ್ನದು ಎಂದು ಗವರ್ನರ್. ಅದಕ್ಕೊಂದು ಸಮಿತಿ ನೇಮಿಸಿದರು. ಕುದುರೆಗಳು ಮೇಯುತ್ತಲೇ ಇದ್ದವು.

ಮಧ್ಯಾಹ್ನದ ಹೊತ್ತಿಗೆ ಒಬಡೈಯ ಕ್ರೂ ಎಂಬ ಹಿರಿಯ ಸದಸ್ಯ ಕಿವಿ ಮುಚ್ಚಿಕೊಂಡು ಹೊರಗೆ ಬಂದ. ತೆರಿಗೆ ವಾದದಲ್ಲಿ ಎಲ್ಲರಿಗಿಂತ ಮೊಂಡ ಅವನೇ.

“ತಾಯಿ, ಇದನ್ನ ನಿಲ್ಲಿಸೋಕೆ ಏನ್ ಮಾಡ್ಬೇಕು?”

“ಹೇರು ಹೇರಿ ಸ್ವಾಮಿ. ಆ ಕ್ಷಣಾನೇ ಮುಚ್ತೀನಿ.”

“ತೆರಿಗೆ ತೀರ್ಮಾನ ಆಗಿಲ್ಲವಲ್ಲ.”

“ನನ್ನ ಕುದುರೆಗೆ ತೆರಿಗೆ ತಿಳಿಯಲ್ಲ. ನನ್ನ ಮಗಳ ಹೊಟ್ಟೇಲಿರೋ ಕೂಸಿಗೂ ತಿಳಿಯಲ್ಲ. ಅದು ನಿಮ್ಮ ಸಮಿತಿಗೆ ಕಾಯಲ್ಲ.”

ಅಷ್ಟರಲ್ಲಿ ಗವರ್ನರ್ ರಾತ್ರಿಟೋಪಿಯಲ್ಲೇ ಕಿಟಕಿಯಿಂದ ಬಗ್ಗಿ, “ಯಾರಾದ್ರೂ ಆ ಕಾಗದ ತನ್ರೋ! ರುಜು ಹಾಕಿ ಸಾಯ್ತೀನಿ!” ಎಂದು ಕೂಗಿದ. ಹಗಲುನಿದ್ದೆ ಅವನಿಗೆ ಒಡೆಯರ ಜಮೀನಿಗಿಂತ ಹೆಚ್ಚಂತೆ. ತೆರಿಗೆಯ ಮಾತು ಆಮೇಲೆ, ಉಪ್ಪು ಈಗಲೇ ಎಂದು ಸಭೆಯೂ ಒಪ್ಪಿತು. ಬೀಗ ತೆಗೆದರು. ಬೇಗ ಮುಗಿಯಲಿ ಎಂದು ಕ್ರೂ ಸಾಹೇಬರೇ ಒಂದು ಮೂಟೆಗೆ ಹೆಗಲು ಕೊಟ್ಟರು. ಗ್ರಿಜೆಲ್ ಒಂದೊಂದೇ ಗಂಟೆಗೆ ಹುಲ್ಲು ತುರುಕಿದಳು. ಸಭೆ ದೇವರಿಗೆ ವಂದನೆ ಸಲ್ಲಿಸಿ ಮತ್ತೆ ಜಗಳಕ್ಕೆ ಕುಳಿತಿತು.

ನಾವು ಮರಳಿದಾಗ ಜನ ಗಂಟಿನ ಮೇಲೆ ಕುಳಿತಿದ್ದರು. ಉಪ್ಪು ಕಂಡು ಎದ್ದು ಹಂದಿ ಕೊಯ್ಯಲು ಕತ್ತಿ ಮಸೆದರು. ಆ ವಾರವೇ ಎಲ್ಸ್‌ಪೆತ್ ಹೆತ್ತಳು, ಕೋಟೆಯೊಳಗೆ, ಬೆಂಕಿಯ ಪಕ್ಕ. ಹೆಣ್ಣು ಮಗು. ಅಜ್ಜಿಯ ಗಂಟಲೇ ಬಂದಿದೆ.

ಬೆಟ್ಟದ ಈಚೆ ಬಂದವರು ಗ್ರಿಜೆಲ್‌ಳನ್ನು ನೋಡಿಕೊಂಡು ಹೋಗಿ. ಹೊಗಳಬೇಡಿ, ಬೈಯುತ್ತಾಳೆ. ಮೊಮ್ಮಗಳನ್ನು ಎತ್ತಿಕೊಳ್ಳಿ. ಹಂದಿಮಾಂಸ ಕೊಟ್ಟರೆ ಬೇಡ ಎನ್ನಬೇಡಿ.