ಟವಲಿನ ಕೆಳಗೆ ಹಿಡಿದ ಬೆರಳು

ಮುಧೋಳದ ಆ ವಸತಿ ಶಾಲೆಯಲ್ಲಿ ನಾನು ಮೊದಲು ಕಂಡದ್ದು ಇದು: ಒಬ್ಬ ಹುಡುಗಿ ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ, ಇನ್ನೊಬ್ಬಳು ಅವಳ ಬೆನ್ನ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದಾಳೆ. "ಮ!" ಎಂದು ನಿಂತವಳು ಕೂಗಿದಳು. ಉಳಿದವರೆಲ್ಲ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಮತ್ತೊಬ್ಬಳು ತಟ್ಟೆಯಲ್ಲಿ ಜೋಳದ ಹಿಟ್ಟು ಹರಡಿಕೊಂಡು ಅದರಲ್ಲಿ ಅಂಕಿ ತಿದ್ದುತ್ತಿದ್ದಳು. ಚಳ್ಳಕೆರೆಯಿಂದ ಹಗಲೆಲ್ಲ ಬಸ್ಸಿನಲ್ಲಿ ಕೂತು ಮಗಳನ್ನು ಕರೆತಂದದ್ದು ಹಿಟ್ಟಿನಲ್ಲಿ ಆಡಿಸಲಿಕ್ಕಾ ಎನಿಸಿತು.

ನನ್ನ ಮಗಳು ಮಂಜುಳಾಗೆ ಹತ್ತು ವರ್ಷ. ನೂರು ಕುರಿ ನಿಲ್ಲಿಸಿದರೂ ಮುಖ ನೋಡಿ ಯಾವುದು ಯಾರದೆಂದು ಹೇಳುವಳು. ಪುಸ್ತಕ ಹಿಡಿದರೆ ಮಾತ್ರ ಅಕ್ಷರ ನಿಲ್ಲುತ್ತಿರಲಿಲ್ಲ, ಕೂಡಿಸುವ ಲೆಕ್ಕವೂ ಕೈಕೊಡುತ್ತಿತ್ತು. ನಮ್ಮೂರ ಶಾಲೆಯಲ್ಲಿ ಸೋಮಾರಿ ಎಂದರು. ನಾನೂ ನಂಬಿ ಎರಡು ಸಲ ಹೊಡೆದೆ. ಇದು ಕಲಿಕೆಯ ತೊಡಕು, ಬುದ್ಧಿಯ ಕೊರತೆಯಲ್ಲ ಎಂದು ಡಾಕ್ಟರು ಹೇಳಿದ್ದು ಆಮೇಲೆ. ಇಂಥ ಮಕ್ಕಳಿಗೆಂದೇ ಇರುವ ಈ ಶಾಲೆಯ ಹೆಸರು ಕೊಟ್ಟದ್ದೂ ಅವರೇ.

ನಾನು ಕುರಿ ವ್ಯಾಪಾರದವನು, ಸಂತೆ ಇದ್ದಲ್ಲಿ ಬದುಕಬಲ್ಲೆ. ಹೆಂಡತಿ ರತ್ನಾಳನ್ನು ಊರಲ್ಲೇ ಬಿಟ್ಟು, ಶಾಲೆಯ ಹತ್ತಿರವೇ ಬೀರಪ್ಪಣ್ಣ ಎನ್ನುವವನ ಮನೆಯಲ್ಲಿ ಒಂದು ಕೋಣೆ ಹಿಡಿದೆ. ಹೊಸ ಊರಿಗೆ ಹೋಗುವವರಿಗೆ ಒಂದು ಮಾತು: ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮನೆಯ ಮಾಲೀಕನನ್ನು ಕೇಳಬೇಡಿ, ಪಕ್ಕದ ಮನೆಯ ಹೆಂಗಸರನ್ನು ಕೇಳಿ. ನಾನು ಮಾಲೀಕನನ್ನು ಕೇಳಿ ಕೆಟ್ಟೆ.

ನಮ್ಮಲ್ಲಿ ಮುದ್ದೆ ನುಂಗುತ್ತೇವೆ, ಇಲ್ಲಿ ರೊಟ್ಟಿ ಅಗಿಯಬೇಕು. ಮೊದಲ ವಾರ ನನ್ನ ದವಡೆ ನೋಯುವುದು ನೋಡಿ ಬೀರಪ್ಪಣ್ಣ ನಕ್ಕ: "ಏನ್ರೀ ಸಾವಕಾರ್ರ, ನಿಮ್ಮೂರಾಗ ಹಲ್ಲು ಬರೇ ನಗಾಕ ಇಟ್ಟಾರೇನ್ರಿ?" ಶಾಲೆಗೆ ಇಲ್ಲಿ ಸಾಲಿ ಎನ್ನುತ್ತಾರೆ, ಮೇಡಮ್ಮಿಗೆ ಬಾಯಾರು. ಮಂಜುಳಾ ಇವನ್ನೆಲ್ಲ ನನಗಿಂತ ಬೇಗ ಕಲಿತಳು. ಮೊದಮೊದಲು ಹಾಸ್ಟೆಲಿನ ಕಿಟಕಿಯ ಸರಳು ಹಿಡಿದು ಅಳುತ್ತಿದ್ದವಳು, ಮೂರನೇ ತಿಂಗಳಿಗೆ ಗೆಳತಿಗೆ "ಬಾರಲೇ, ಊಟಕ್ಕ ಗಂಟಿ ಹೊಡದೈತಿ" ಎಂದು ಕೂಗುವುದನ್ನು ಕೇಳಿದೆ. ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ.

ಏಕೆಂದರೆ ನಾನು ಅವಳನ್ನು ವರ್ಷದೊಳಗೆ ಊರಿಗೆ ಕರೆದೊಯ್ಯಬೇಕಿತ್ತು. ಅಲ್ಲಿ ನಮ್ಮವರೇ "ಹುಚ್ಚರ ಶಾಲೆಗೆ ಹಾಕಿದ್ದಾನೆ" ಎಂದು ಆಡಿಕೊಳ್ಳುತ್ತಿದ್ದರು. ರತ್ನಾ ಫೋನಿನಲ್ಲಿ ಅಳುತ್ತಿದ್ದಳು. ವರ್ಷದ ಕೊನೆಗೆ ತಂದೆತಾಯಿಯ ಎದುರೇ ಮಗುವನ್ನು ಪರೀಕ್ಷಿಸಿ, ಸಾಮಾನ್ಯ ಶಾಲೆಗೆ ಕಳಿಸಬಹುದೋ ಇನ್ನೊಂದು ವರ್ಷ ಇರಬೇಕೋ ಎಂದು ಇಲ್ಲಿ ಹೇಳುತ್ತಾರೆ.

ಕುರಿ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಟವಲಿನ ಕೆಳಗೆ ಕೈ ಸೇರಿಸುತ್ತಾರೆ. ಎಷ್ಟು ಬೆರಳು ಒತ್ತಿದರೆ ಅಷ್ಟು. ನೋಡುವವರಿಗೆ ಏನೂ ತಿಳಿಯುವುದಿಲ್ಲ. ಇದನ್ನು ಮಂಜುಳಾಗೆ ಚಿಕ್ಕಂದಿನಲ್ಲೇ ಆಟಕ್ಕೆಂದು ಕಲಿಸಿದ್ದೆ.

ಪರೀಕ್ಷೆಯ ದಿನ ಅವಳ ಪಕ್ಕ ಕೂತೆ. ಹೆಗಲ ಟವಲು ಇಬ್ಬರ ಮೊಣಕಾಲ ಮೇಲೆ ಇಳಿಯಿತು. ಅವಳಿಗೆ ಕಲಿಸುವ ಗಂಗಾ ಬಾಯಾರು ಬಾಯಿಲೆಕ್ಕ ಕೇಳಿದರು. ನಾನು ಬೆರಳು ಒತ್ತಿದೆ, ಅವಳು ಉತ್ತರ ಹೇಳಿದಳು. ಎರಡನೆಯದೂ ಸರಿ. ಮೂರನೆಯದೂ ಸರಿ. ಗೆದ್ದೆ ಎಂದುಕೊಂಡೆ. ನಾಲ್ಕನೆಯದಕ್ಕೆ ಅವಳು ಕೈ ಕಿತ್ತುಕೊಂಡಳು.

"ಬಿಡಪ್ಪಾ. ನಾನೇ ಹೇಳ್ತೀನಿ."

ಬೆಂಚಿನ ಮೇಲೆ ಬೆರಳಿನಿಂದ ಗೀಚಿದಳು, ತುಟಿ ಅಲ್ಲಾಡಿಸಿದಳು, ಬಹಳ ಹೊತ್ತಿನ ಮೇಲೆ ಹೇಳಿದಳು. ತಪ್ಪು. ಮತ್ತೆ ಗೀಚಿದಳು. ಮತ್ತೂ ತಪ್ಪು.

ಬಾಯಾರು ಮಗಳನ್ನು ಹೊರಗೆ ಆಡಲು ಕಳಿಸಿ ನನ್ನ ಕಡೆ ತಿರುಗಿದರು. "ಟಾವೆಲ್ ಹೆಗಲಿಗೆ ಹಾಕ್ಕೋರಿ. ನಮ್ಮಪ್ಪನೂ ಕುರಿ ಮಾರಿದಾಂವನ. ಮೊದಲನೇದಕ್ಕ ನನಗ ಗೊತ್ತಾಗಿತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ, ಬಾಯಾರೆ?"

"ಆಕಿ ಏನ್ ಮಾಡ್ತಾಳ ನೋಡಬೇಕಿತ್ರಿ. ತಪ್ಪಾದ್ರೂ ತಾನ ಲೆಕ್ಕಾ ಮಾಡಿ ಹೇಳಿದ್ಲು, ಖರೆ ಹೌದಲ್ರಿ? ಬಂದಾಗ ಈ ಹುಡುಗಿ ಬಾಯೇ ತೆರೀತಿರಲಿಲ್ಲ. ಇನ್ನೊಂದು ವರ್ಷ ಬಿಡ್ರಿ."

ಸಂತೆಯಲ್ಲಿ ನನ್ನ ಬಾಯಿ ಮುಚ್ಚಿಸಿದವರಿಲ್ಲ. ಇಲ್ಲಿ ಬಾಯಾರು ಹೇಳಿದಂತೆ ಟವಲು ತೆಗೆದು ಹೆಗಲಿಗೆ ಹಾಕಿಕೊಂಡೆ. ಇಂಥ ಮಕ್ಕಳಿರುವ ತಂದೆಯರಿಗೆ ನಾನು ಬಿಟ್ಟಿ ಕೊಡುವ ಸಲಹೆ ಒಂದೇ: ಯಾವುದಕ್ಕೆ ಬೇಕಾದರೂ ಚೌಕಾಸಿ ಮಾಡಿ, ಮಗು ಕಲಿಯಲು ಹಿಡಿಯುವ ವೇಳೆಗೆ ಮಾತ್ರ ಮಾಡಬೇಡಿ. ಹೇಳುವುದು ಸುಲಭ. ಆ ದಿನ ನಾನು ಬಾಯಾರಿಗೆ "ಆಯ್ತು" ಎಂದದ್ದು ಮನಸ್ಸಿನಿಂದಲ್ಲ.

ಭಾನುವಾರ ಮಗಳನ್ನು ಹಾಸ್ಟೆಲಿನಿಂದ ಕೋಣೆಗೆ ಕರೆತಂದು ರತ್ನಾಳಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಇನ್ನೊಂದು ವರ್ಷ ಎಂದು ಹೇಗೆ ಹೇಳುವುದೆಂದು ನಾನು ಮಾತು ಹುಡುಕುತ್ತಿರುವಾಗಲೇ ಆಕೆ ಕೇಳಿದಳು: "ಮಂಜೂ, ಮನೆಗೆ ಯಾವಾಗ ಬರ್ತೀಯ ಮಗಳೇ?"

ರೊಟ್ಟಿ ಮುರಿಯುತ್ತಿದ್ದ ಮಂಜುಳಾ ತಲೆ ಎತ್ತದೆ ಹೇಳಿದಳು: "ಮನ್ಯಾಗ ಅದೀನಲ್ಲವ್ವ."

ಫೋನು ನನ್ನ ಕೈಯಲ್ಲಿತ್ತು. ಮನೆ ಎಂದು ಇಬ್ಬರೂ ಅಂದಿದ್ದರು; ಯಾರ ಮಾತನ್ನು ತಿದ್ದಬೇಕೆಂದು ನನಗೆ ತೋಚಲಿಲ್ಲ.