ಮಗ್ಗದ ಕುಣಿಯಲ್ಲಿ ಕಪ್ಪೆ

ಇಳಕಲ್ಲಿನ ನಮ್ಮ ಓಣಿಯಲ್ಲಿ ನಾನು ಅಣಕಿಸದೆ ಬಿಟ್ಟ ದನಿ ಇಲ್ಲ. ಹುನಗುಂದ ಬಸ್ಸಿನ ಕಂಡಕ್ಟರ್, ಅವ್ವನ ಸೀನು, ಹುಡುಗಿಯರು ಎದುರಾದರೆ ಕೀರಲಾಗುವ ನನ್ನದೇ ಗಂಟಲು, ಎಲ್ಲ ಮಾಡಿ ತೋರಿಸುತ್ತಿದ್ದೆ. ‘ನೇಯೂದೊಂದು ಬಿಟ್ಟು ಎಲ್ಲಾ ಬರತೈತಿ ಇವಗ’ ಅನ್ನುತ್ತಿದ್ದ ಅಪ್ಪ.

ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯಬೇಕು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಒಂದು ವರ್ಷ, ಮಳೆಗಾಲ ಮುಗಿದ ಮೇಲೆ, ಹಿರಿಯರೂ ಕಂಡಿರದ ಮಳೆ ಸುರಿದು ಓಣಿಯ ಕುಣಿಗಳೆಲ್ಲ ತುಂಬಿದವು. ಮಗ್ಗಕ್ಕೆ ಬಿಗಿದ ರೇಷ್ಮೆ ಎಳೆಗಳು ಕೊಳೆತವು. ಸದ್ದಿಲ್ಲದ ಓಣಿಯಲ್ಲಿ ನಾನು ಬಾಯಲ್ಲೇ ಮಗ್ಗ ಆಡಿಸಿದೆ. ಯಾರೂ ನಗಲಿಲ್ಲ.

ದಾರಿ ತೋರಿಸಿದವರು ಪಕ್ಕದ ಮನೆಯ ಬಡಗಿ ಚಾಚಾ. ಕಲ್ಲಿನ ಖಣಿಯಲ್ಲಿ ಬಿಸಾಕಿದ ಕೆಂಪು ಚೂರುಗಲ್ಲು ತಂದು ಕಟ್ಟೆ ಕಟ್ಟುವುದು, ಅದರ ಮೇಲೆ ಕಟ್ಟಿಗೆಯ ಮಗ್ಗ ಕೂಡಿಸುವುದು. ಕಟ್ಟೆ ಕಟ್ಟುವ ಗೌಂಡಿಗಳಿಗೆ, ಕಲ್ಲು ತರುವ ಗಾಡಿಯವರಿಗೆ, ಚಾಚಾನ ಮಕ್ಕಳಿಗೆ ಉಸಿರಾಡಲು ಪುರಸೊತ್ತಿಲ್ಲ. ಮನೆಮನೆಯಲ್ಲಿ ಲಾಳಿ ಮತ್ತೆ ಓಡಿತು. ಬಾದಾಮಿಯ ಅಂಗಡಿಯವರು ಸೀರೆ ಕೇಳಿಕೊಂಡು ಬರತೊಡಗಿದರು.

ಅಪ್ಪ ಮಾತ್ರ ಕುಣಿ ಬಿಟ್ಟು ಏಳಲಿಲ್ಲ. ನೀರಿಳಿದ ಮೇಲೆ ಅಲ್ಲೇ ಹೊಸ ಎಳೆ ಬಿಗಿದ; ಮುಂದಿನ ವರ್ಷ ಅಕ್ಕನ ಮದುವೆಯ ಸೀರೆಯನ್ನೂ ಅಲ್ಲೇ ನೇಯುವವನಿದ್ದ. ಮನೆಯಲ್ಲಿ ಉಳಿದಿದ್ದ ಒಳ್ಳೆಯ ರೇಷ್ಮೆ ಅದಕ್ಕೆಂದೇ ಎತ್ತಿಟ್ಟದ್ದು.

“ಅಣ್ಣಾ, ನೀರು ಮತ್ತ ಬಂದ್ರ?” ಅಂದರು ಚಾಚಾ.

“ವರ್ಷಾ ವರ್ಷಾ ಬರಾಕ ಅದೇನ್ ಬೀಗರೇನೋ ತಮ್ಮಾ? ಕುಣಿ ತಂಪಿಗೆ ಎಳಿ ಹರಿಯೂದಿಲ್ಲ. ಮ್ಯಾಲ ಕುಂತ್ರ ಬ್ಯಾಸಗ್ಯಾಗ ಚಟಚಟ ಹರೀತಾವ.”

ನಾನು ಅವನ ಬೆನ್ನ ಹಿಂದೆ ನಿಂತು “ವಟರ್” ಅಂತ ಕಪ್ಪೆ ಕೂಗುತ್ತಿದ್ದೆ. “ಬಾಯಿ ಮುಚ್ಚಲೇ ಮಂಗ್ಯಾ!” ಅಂತ ಅಪ್ಪ ಗದರುತ್ತಿದ್ದ.

ಮರುವರ್ಷ ಮತ್ತೆ ಅದೇ ಹೊತ್ತುಗೆಟ್ಟ ಮಳೆ. ಅದು ನಿಂತ ಮಾರನೆಯ ಮಧ್ಯಾಹ್ನ ಹೊರಗೆ ಹೊಳೆಯುವ ಬಿಸಿಲು. ಅಪ್ಪ ಕುಣಿಯಲ್ಲಿ ಅಕ್ಕನ ಸೀರೆ ನೇಯುತ್ತಿದ್ದ, ನಾನು ಪಕ್ಕದಲ್ಲೇ ಊಟಕ್ಕೆ ಕೂತಿದ್ದೆ.

“ವಟರ್.”

“ಸಾಕ್ ಮಾಡಲೇ, ಭಾಳ ಆತು!”

ನನ್ನ ಬಾಯಿ ತುಂಬ ರೊಟ್ಟಿ. ತೆರೆದು ತೋರಿಸಿದೆ. ಅಪ್ಪ ಮೆಲ್ಲಗೆ ಕಾಲೆತ್ತಿದ. ಹಿಮ್ಮಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲಿನಿಂದ ಹನಿಯೂ ಒಳಗೆ ಬಂದಿರಲಿಲ್ಲ. ನೆಲವೇ ಒಳಗೊಳಗೆ ಒಸರುತ್ತಿತ್ತು, ನೋಡನೋಡುತ್ತ ಏರುತ್ತಿತ್ತು.

ನಾನು ಕೂಗಿದ ಕೂಗಿಗೆ ಚಾಚಾ ನಗುತ್ತಲೇ ಬಂದರು, ಇದೂ ನನ್ನದೊಂದು ಆಟ ಅಂತ. ಕುಣಿ ನೋಡಿ ನಗು ನಿಂತಿತು. ಎಲ್ಲರೂ ಸೇರಿ ಎಳೆಗಳನ್ನು ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು ಅವರ ಮನೆಯ ಅಟ್ಟಕ್ಕೆ ಸಾಗಿಸಿದೆವು. ತಿರುಗಿ ಬರುವಷ್ಟರಲ್ಲಿ ಕುಣಿ ತುಂಬಿತ್ತು.

ಅಕ್ಕನ ಸೀರೆ ಮುಗಿದದ್ದು ಕಟ್ಟೆಯ ಮೇಲೆ. ಹಿಂದಿನ ವರ್ಷಕ್ಕಿಂತ ಬಿರುಸಾದ ಬೇಸಿಗೆ ಬಂತು, ಅಪ್ಪ ಹೇಳಿದಂತೆಯೇ ಎಳೆಗಳು ಹರಿದವು. ಸುತ್ತ ಒದ್ದೆ ಗೋಣಿತಟ್ಟು ಕಟ್ಟಿ ನೇಯುವುದನ್ನು ಓಣಿ ಕಲಿಯಿತು. ನಮ್ಮ ಹಳೆಯ ಕುಣಿಗೆ ಚಪ್ಪಡಿ ಮುಚ್ಚಿದ್ದೆವು. ಸುಡುವ ಬಿಸಿಲಿನ ಒಂದು ದಿನ ಅದರಡಿಯಿಂದ ಬಂತು: “ವಟರ್.”

ಅಪ್ಪ ಲಾಳಿ ನಿಲ್ಲಿಸಿ ನನ್ನ ಕಡೆ ನೋಡಿದ.

“ನಾ ಅಲ್ಲಪ್ಪಾ.”

ಬೈಯಲಿಲ್ಲ. ಚಪ್ಪಡಿಯನ್ನೇ ನೋಡುತ್ತ ಅಂದ: “ಬ್ಯಾಸಗ್ಯಾಗೂ ಕೆಳಗ ನೀರು ಐತಿ. ಚಾಚಾನ್ನ ಕರಿ. ಕಟ್ಟಿ ಇನ್ನೊಂದು ಗೇಣು ಏರಸೂಣು.”