ವರ್ಷಕ್ಕೊಂದು ದಿನ ಇಲ್ಲದ ಮನುಷ್ಯ

ನಮ್ಮ ನಗರಸಭೆಯ ಕಚೇರಿಯಲ್ಲಿ ಎಂಬತ್ತನಾಲ್ಕು ಬಾಗಿಲುಗಳಿದ್ದವು. ಅಷ್ಟೂ ಬಾಗಿಲುಗಳ ಮೇಲೆ ಹೆಸರು, ಹುದ್ದೆ ಬರೆದವನು ಒಬ್ಬನೇ. ಎಲ್ಲರೂ ಅವನನ್ನು ಬೋರ್ಡಣ್ಣ ಎನ್ನುತ್ತಿದ್ದರು. ಸಂಬಳದ ಪಟ್ಟಿಯಲ್ಲಿ ಅವನು ‘ತಾತ್ಕಾಲಿಕ’ ಎಂಬ ಕಲಮಿನ ಕೆಳಗಿದ್ದ. ಇಪ್ಪತ್ತೇಳು ವರ್ಷ ತಾತ್ಕಾಲಿಕ! ಅಷ್ಟರಲ್ಲಿ ಆರು ಜನ ನಗರಸಭಾಧ್ಯಕ್ಷರು ಬಂದು ಹೋದರು, ಕಟ್ಟಡದ ಒಂದು ಮಗ್ಗುಲು ಕುಸಿದು ಹೊಸದು ಎದ್ದಿತು. ಬೋರ್ಡಣ್ಣ ಮಾತ್ರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹಾಗೆಯೇ ಇದ್ದ.

ನಾನು ಸಿಬ್ಬಂದಿ ವಿಭಾಗದ ಬೆರಳಚ್ಚುಗಾರ್ತಿ. ನನ್ನದು ಖಾಯಂ ನೌಕರಿ. ಈಗ ನಿವೃತ್ತಳಾಗಿ ಪಿಂಚಣಿ ತಿನ್ನುತ್ತಿದ್ದೇನೆ. ಪಡೆಯುತ್ತಿದ್ದೇನೆ ಎಂದು ಬರೆಯಲು ಕೈ ಬರುವುದಿಲ್ಲ, ತಿನ್ನುತ್ತಿದ್ದೇನೆ ಎಂದೇ ಇರಲಿ.

ಬೋರ್ಡಣ್ಣನ ಕೋಣೆಗೆ ಹೋದರೆ ಟರ್ಪೆಂಟೈನ್ ವಾಸನೆ ಮೂಗಿಗೆ ರಾಚುತ್ತಿತ್ತು. ಹಲಗೆಗೆ ಕಡುಹಸಿರು ಬಳಿದು ಎರಡು ದಿನ ಒಣಗಿಸುತ್ತಿದ್ದ. ಆಮೇಲೆ ಸುಣ್ಣದ ಪುಡಿ ಹಚ್ಚಿದ ದಾರವನ್ನು ಎಳೆದು ಚಿಮ್ಮಿ ಗೆರೆ ಹಾಕಿಕೊಳ್ಳುತ್ತಿದ್ದ. ತುದಿಗೆ ಬಟ್ಟೆಯ ಉಂಡೆ ಕಟ್ಟಿದ ಕೋಲೊಂದಿತ್ತು, ಅದರ ಮೇಲೆ ಮುಂಗೈ ಊರಿ ಬಿಳಿ ಅಕ್ಷರ ಬರೆಯುತ್ತಿದ್ದ. ಕೊನೆಗೆ ಹಲಗೆ ತಿರುಗಿಸಿ ಹಿಂದೆ ಮೂಲೆಯಲ್ಲಿ ಸಣ್ಣದಾಗಿ ತಾರೀಖು ಹಾಕುತ್ತಿದ್ದ. ಎರಡು ವರ್ಷದೊಳಗೆ ಬಣ್ಣ ಎದ್ದರೆ ಸ್ವಂತ ಖರ್ಚಿನಲ್ಲಿ ಮತ್ತೆ ಬರೆದುಕೊಡುತ್ತೇನೆ ಎಂಬುದು ಅವನೇ ಹಾಕಿಕೊಂಡ ಕಟ್ಟಳೆ. ಯಾರೂ ಕೇಳಿರಲಿಲ್ಲ.

ಈಗ ಹೊಲಸಿನ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ಲೆಕ್ಕಪತ್ರ ಮುಗಿಯುವ ಕೊನೆಯ ದಿನ ತಾತ್ಕಾಲಿಕ ನೌಕರರನ್ನೆಲ್ಲ ಒಂದು ದಿನಕ್ಕೆ ಕೆಲಸದಿಂದ ತೆಗೆಯುತ್ತಿದ್ದರು. ಮರುದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಸೇವೆ ಒಂದು ದಿನ ತುಂಡಾದರೆ ಸಾಕು, ನಾಳೆ ಯಾರೂ ಪಿಂಚಣಿ ಕೇಳುವ ಹಾಗಿಲ್ಲ. ‘ನಗರಸಭೆಯ ಪಿಂಚಣಿ ಹೊರೆ ವರ್ಷದಿಂದ ವರ್ಷಕ್ಕೆ ಏರುತ್ತಿರುವುದರಿಂದ’ ಎಂದು ಆ ಆದೇಶ ಶುರುವಾಗುತ್ತಿತ್ತು. ಇಪ್ಪತ್ತೆರಡು ವರ್ಷ ಅದನ್ನು ಟೈಪು ಮಾಡಿದವಳು ನಾನು.

ಆಯಾ ವರ್ಷ ನಿವೃತ್ತರಾಗುವ ಅಧಿಕಾರಿಗಳೂ ನಮ್ಮಲ್ಲಿ ಅದೇ ದಿನ ಹೊರಡುತ್ತಿದ್ದರು. ಪಿಂಚಣಿ ನಿಗದಿಯಾಗುತ್ತಿದ್ದುದು ಕೊನೆಯ ಸಂಬಳದ ಮೇಲೆ. ಹಾಗಾಗಿ ಬೇಕಾದವರಿಗೆಲ್ಲ ಆ ದಿನ ಬೆಳಗ್ಗೆ ಬಡ್ತಿ, ಸಂಜೆ ಬೀಳ್ಕೊಡುಗೆ. ಅರ್ಧ ದಿನ ದೊಡ್ಡ ಕುರ್ಚಿಯಲ್ಲಿ ಕೂತು, ಸಾಯುವವರೆಗೆ ದೊಡ್ಡ ಕುರ್ಚಿಯ ಪಿಂಚಣಿ. ಏರಿದ ಹೊರೆ ಏರಿದ್ದು ಹೀಗೆ. ಆ ಬಡ್ತಿಯ ಆದೇಶವೂ ನನ್ನದೇ ಯಂತ್ರದಿಂದ, ಅದೇ ಬೆಳಗ್ಗೆ ಹೊರಬೀಳುತ್ತಿತ್ತು.

ಹೊಸ ಹುದ್ದೆ ಎಂದ ಮೇಲೆ ಹೊಸ ಬೋರ್ಡು ಬೇಡವೇ? ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಹೋಗುವಾಗ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಒಯ್ಯಬೇಕು. ಬರೆಯುವವನನ್ನೋ ಅದೇ ದಿನ ಕೆಲಸದಿಂದ ತೆಗೆದಾಗಿದೆ. ನಾನೇ ಅವನ ಮನೆಗೆ ಫೋನು ಮಾಡಿ ಕರೆಯುತ್ತಿದ್ದೆ. ಅವನು ಹಸಿರು ಬಳಿದು ಒಣಗಿಸಿಟ್ಟ ಹಲಗೆ ಸಿದ್ಧವಿಟ್ಟುಕೊಂಡೇ ಇರುತ್ತಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಲಸದಲ್ಲಿಲ್ಲ ಎಂದು ಗೆರೆ ಎಳೆಯುತ್ತಿದ್ದವಳೂ ನಾನೇ.

ಒಮ್ಮೆ ಬರೆಯುತ್ತ ಬರೆಯುತ್ತ ಕೇಳಿದ. “ಅಕ್ಕಾ, ಇವತ್ತು ನಾನು ಇಲ್ಲ ಅಲ್ವಾ? ಹಾಗಾದ್ರೆ ಈ ಬೋರ್ಡ್ ಬರೀತಿರೋದು ಯಾರು?”

“ನಿನ್ನ ದೆವ್ವ,” ಎಂದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆ ನಗು ನೆನಪಾದರೆ ಈಗ ನನಗೆ ವಾಕರಿಕೆ ಬರುತ್ತದೆ.

ಅರವತ್ತರ ಹೊತ್ತಿಗೆ ಬೋರ್ಡಣ್ಣನ ಬಲಗೈ ನಡುಗತೊಡಗಿತು. ಕೋಲು ಊರಿದರೂ ಗೆರೆ ನೆಟ್ಟಗೆ ಬರಲಿಲ್ಲ. ಒಂದು ವರ್ಷ ಆ ಕೊನೆಯ ದಿನ ತೆಗೆದವರು ಮರುದಿನ ಮತ್ತೆ ಸೇರಿಸಿಕೊಳ್ಳಲಿಲ್ಲ, ಅಷ್ಟೆ. ಅವನ ಹೆಂಡತಿ ಅಂಗಿ ಅಂಗಡಿಯೊಂದಕ್ಕೆ ಮನೆಯಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದಳು. ಅವಳ ಕಣ್ಣು ಮಂಜಾಗುತ್ತ ಬಂದಿತ್ತು. ಸೂಜಿಗೆ ದಾರ ಪೋಣಿಸಿಕೊಡಲು ಅವನ ಕೈ ನಿಲ್ಲದು, ಪೋಣಿಸಿಕೊಳ್ಳಲು ಅವಳಿಗೆ ಕಣ್ಣಿಲ್ಲ. ಕಿಟಕಿಯ ಹತ್ತಿರ ಇಬ್ಬರೂ ಒಂದೇ ಸೂಜಿ ಹಿಡಿದು ಕೂತಿದ್ದನ್ನು ನಾನು ಕಣ್ಣಾರೆ ಕಂಡೆ.

ನಾನೂ ನಿವೃತ್ತಳಾದ ವರ್ಷ ಹೊಸ ನಿಯಮವೊಂದು ಬಂತು. ಹತ್ತು ವರ್ಷ ಎಡೆಬಿಡದೆ ದುಡಿದ ತಾತ್ಕಾಲಿಕ ನೌಕರರಿಗೂ ಸಣ್ಣ ಪಿಂಚಣಿ ಕೊಡುವುದು, ಅರ್ಜಿಗಳನ್ನು ಮೂವರ ಸಮಿತಿ ಕೇಳುವುದು. ಬೋರ್ಡಣ್ಣ ನನ್ನ ಮನೆಗೆ ಬಂದ.

“ಹತ್ತು ವರ್ಷ ತುಂಡಾಗದೆ ಇರಬೇಕಂತೆ ಅಕ್ಕಾ. ನಂದು ಇಪ್ಪತ್ತೇಳು ತುಂಡು. ಆದ್ರೆ ತುಂಡಾದ ದಿನಗಳಲ್ಲೇ ನಾನು ಬರೆದಿರೋ ಬೋರ್ಡ್‌ಗಳಿವೆ, ಹಿಂದೆ ತಾರೀಖಿದೆ. ಒಂದು ಸಿಕ್ಕಿದ್ರೂ ಆ ಬಿಡುವೆಲ್ಲ ಸುಳ್ಳು ಅಂತ ತೋರಿಸಬಹುದು.”

ಹೋದೆವು. ಯಾರ ಮನೆಗೆ? ನನ್ನ ಹಳೆಯ ಮೇಲಧಿಕಾರಿಯ ಮನೆಗೆ. ಮೂವತ್ತು ವರ್ಷ ಮೇಲ್ವಿಚಾರಕ, ಒಂದು ಮಧ್ಯಾಹ್ನ ಉಪ ಆಯುಕ್ತ. ಕಚೇರಿಯಲ್ಲಿ ಅವರಿಗೆ ‘ಮಧ್ಯಾಹ್ನದ ಸಾಹೇಬ’ ಎಂದೇ ಹೆಸರು. ಈಗ ಪಿಂಚಣಿದಾರರ ಸಂಘದ ಅಧ್ಯಕ್ಷರು ಬೇರೆ. ನಡುಮನೆಯ ಗೋಡೆಯಲ್ಲಿ ಆ ಬೋರ್ಡು ರಾರಾಜಿಸುತ್ತಿತ್ತು, ಅದರ ಮೇಲೊಂದು ಪುಟ್ಟ ದೀಪ.

ಬೋರ್ಡಣ್ಣ ಕೂರಲಿಲ್ಲ. “ಸಾರ್, ಅದನ್ನ ಒಂದ್ಸಲ ತಿರುಗಿಸಿ ಹಿಂಭಾಗದ ಫೋಟೊ ತಗೋಬೇಕಿತ್ತು,” ಎಂದು ವಿಷಯ ಹೇಳಿದ.

ಸಾಹೇಬರು ಪೂರ್ತಿ ಕೇಳಿದರು. ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವರ ಹಾಗೆ ಮಾತಾಡಿದರು. “ನೋಡಯ್ಯಾ, ನನಗೂ ಕರುಳಿದೆ. ಆದ್ರೆ ನಗರಸಭೆ ಬಗ್ಗೆ ಯೋಚನೆ ಮಾಡು. ಬರೋ ತೆರಿಗೇಲಿ ಮೂರನೇ ಒಂದು ಪಾಲು ಪಿಂಚಣಿಗೇ ಹೋಗ್ತಿದೆ. ಬೀದಿ ದೀಪಕ್ಕೆ ದುಡ್ಡಿಲ್ಲ, ಚರಂಡಿಗೆ ದುಡ್ಡಿಲ್ಲ. ನಿಮ್ಮಂಥ ನಾನೂರು ಜನ ಸೇರಿಕೊಂಡ್ರೆ ಹಡಗು ಮುಳುಗುತ್ತೆ. ಆಮೇಲೆ ಎಲ್ಲರದೂ ನಿಂತ್ಹೋಗುತ್ತೆ. ಎಲ್ಲೋ ಒಂದು ಕಡೆ ಬಿಗಿ ಹಿಡೀಬೇಕಲ್ಲ?”

ಬಿಗಿ ಹಿಡಿಯಬೇಕಾದ ಕಡೆ ಯಾವಾಗಲೂ ಬೋರ್ಡಣ್ಣನ ಕುತ್ತಿಗೆಯೇ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಕಚೇರಿಯಲ್ಲಿ ಕೆಸರು ಒಬ್ಬನ ಕೈಗೆ, ಮೊಸರು ಇನ್ನೊಬ್ಬನ ಬಾಯಿಗೆ. ಮೊಸರು ತಿಂದ ಆ ಬಾಯಿಯನ್ನು ನೋಡಿ ನನಗೆ ಅಸಹ್ಯವಾಯಿತು. ಆದರೂ ಅವರು ಕೊಟ್ಟ ಟೀ ಕುಡಿದೆ. ಬೋರ್ಡು ಗೋಡೆಯಿಂದ ಇಳಿಯಲಿಲ್ಲ.

ಬೀದಿಗೆ ಬಂದ ಮೇಲೆ ಬೋರ್ಡಣ್ಣ ಹೇಳಿದ. “ಹೋಗ್ಲಿ ಬಿಡಿ ಅಕ್ಕಾ. ಬೋರ್ಡ್ ಯಾಕೆ ಬೇಕು, ಫೋನ್ ಮಾಡಿ ಕರೀತಿದ್ದೋರು ನೀವೇ ಇದೀರಲ್ಲ. ಸಮಿತಿ ಮುಂದೆ ಹೇಳ್ತೀರಲ್ವಾ?”

“ಹೇಳ್ತೀನಿ,” ಎಂದೆ. ತಟ್ಟನೆ ಹೇಳಿದೆ, ಯೋಚನೆ ಮಾಡಲೇ ಇಲ್ಲ.

ಎರಡು ದಿನ ಬಿಟ್ಟು ಸಾಹೇಬರ ಫೋನು ಬಂತು. “ಏನಮ್ಮಾ, ಸಾಕ್ಷಿ ಹೇಳ್ತೀಯಂತೆ? ಹೇಳು, ಒಳ್ಳೇದು. ಆದ್ರೆ ಅವನು ಬಂದಿದ್ದು ನಿಜ ಅಂದ್ರೆ ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದೋರು ಯಾರು ಅಂತ ಕೇಳ್ತಾರೆ. ವಿಚಾರಣೆ ಮುಗಿಯೋವರೆಗೂ ನಿನ್ನ ಪಿಂಚಣಿ ತಡೆ ಹಿಡೀತಾರೆ. ಒಂದು ವರ್ಷ ಆಗಬಹುದು, ಐದಾದ್ರೂ ಆಗಬಹುದು. ಹೇಳಲಿಲ್ಲ ಅನ್ನಬೇಡ.”

ಓದುವವರು ನನಗೊಂದು ನೆಪ ಹುಡುಕಿಕೊಡುವುದು ಬೇಡ. ನನಗೆ ಹಾಸಿಗೆ ಹಿಡಿದ ಗಂಡನಿಲ್ಲ, ಮದುವೆಗೆ ನಿಂತ ಮಗಳಿಲ್ಲ. ಇದ್ದದ್ದು ಎರಡು ಕೋಣೆಯ ಸ್ವಂತ ಮನೆ, ಬಾಲ್ಕನಿಯಲ್ಲಿ ಆರು ಹೂಕುಂಡ, ತಿಂಗಳು ತಿಂಗಳು ತಪ್ಪದೆ ಬರುವ ಹಣ. ಬ್ಯಾಂಕಿನಲ್ಲೂ ಒಂದಿಷ್ಟಿತ್ತು. ಎರಡು ವರ್ಷ ಪಿಂಚಣಿ ನಿಂತಿದ್ದರೂ ನಾನು ಉಪವಾಸ ಬೀಳುತ್ತಿರಲಿಲ್ಲ.

ಸಮಿತಿ ಕೂತಿದ್ದು ನಾನು ಟೈಪು ಮಾಡುತ್ತಿದ್ದ ಅದೇ ಕೋಣೆಯಲ್ಲಿ. ಮೂವರು ಸದಸ್ಯರು, ಒಂದು ಫ್ಯಾನು, ಬಾಗಿಲವರೆಗೆ ಪೇರಿಸಿದ ಕಡತಗಳು. ಬೋರ್ಡಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡಿದ್ದ. ಅವನ ಮಾತು ಮುಗಿದ ಮೇಲೆ ಅಧ್ಯಕ್ಷೆ ನನ್ನ ಕಡೆ ತಿರುಗಿದರು. ಅವರ ದನಿ ಮೆತ್ತಗಿತ್ತು, ಹೆದರಿಸುವಂಥದ್ದು ಏನೂ ಇರಲಿಲ್ಲ.

“ವರ್ಷದ ಕೊನೆಯ ದಿನ ಇವರು ಬಂದು ಕೆಲಸ ಮಾಡ್ತಿದ್ರು ಅಂತಾರೆ. ಕರೀತಿದ್ದೋರು ನೀವೇ ಅಂತೆ. ಹೌದಾ?”

“ತುಂಬ ವರ್ಷ ಆಯ್ತು ಮೇಡಂ,” ಎಂದೆ. “ಸರಿಯಾಗಿ ನೆನಪಿಲ್ಲ.”

“ಒಂದು ವರ್ಷದ್ದೂ ನೆನಪಿಲ್ವಾ?” ಎಂದು ಅವರು ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಇನ್ನೊಂದು ಪ್ರಶ್ನೆ ಕೇಳಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು.

ಅಷ್ಟರಲ್ಲಿ ಬೋರ್ಡಣ್ಣ ಎದ್ದು ನಿಂತ. “ಅವರಿಗೆ ಹೇಗೆ ನೆನಪಿರುತ್ತೆ ಮೇಡಂ,” ಎಂದ. “ಆ ದಿನಗಳಲ್ಲಿ ಅಕ್ಕ ರಜದಲ್ಲಿ ಇರ್ತಿದ್ರು. ಕರೀತಿದ್ದೋರು ಬೇರೆ ಯಾರೋ. ನಾನೇ ತಪ್ಪು ತಿಳ್ಕೊಂಡೆ.”

ಅಧ್ಯಕ್ಷೆ ಎರಡು ಸಾಲು ಬರೆದು ಕಡತ ಮುಚ್ಚಿದರು. ಅರ್ಜಿ ವಜಾ ಆಯಿತು. ಮುಂದಿನವರ ಹೆಸರು ಕೂಗಿದರು.

ಹೊರಗೆ ಕಾರಿಡಾರಿನಲ್ಲಿ ಅವನ ಹಿಂದೆಯೇ ಓಡಿದೆ. ನನಗೆ ಇನ್ನೇನು ತೋಚುತ್ತದೆ, ಜನ್ಮವೆಲ್ಲ ಸಂಬಳ ಎಣಿಸಿದವಳು. “ಪ್ರತಿ ತಿಂಗಳು ನನ್ನದರಲ್ಲಿ ಅರ್ಧ ನಿಮ್ಮನೆಗೆ ಕಳಿಸ್ತೀನಿ,” ಎಂದೆ. “ಬೇಡ ಅನ್ನಬೇಡ.”

ಅವನು ನಿಂತ. ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

“ಬೇಡ ಅಕ್ಕಾ. ದುಡ್ಡು ಎಲ್ಲಿಂದ ಬಂತು ಅಂತ ನನ್ನ ಹೆಂಡ್ತಿ ಕೇಳ್ತಾಳೆ. ಅಕ್ಕ ನಮ್ಮ ಪರವಾಗಿ ಹೇಳಿದ್ರು, ಸಮಿತಿಯವರು ಕೇಳಲಿಲ್ಲ ಅಂತ ಮನೇಲಿ ಹೇಳ್ಬೇಕು ಅಂದ್ಕೊಂಡಿದೀನಿ. ಮೂರು ದಿನದಿಂದ ಅವಳು ಅಕ್ಕಪಕ್ಕದೋರಿಗೆಲ್ಲ ನಿಮ್ಮ ವಿಷಯಾನೇ ಹೇಳ್ಕೊಂಡು ಓಡಾಡ್ತಿದಾಳೆ.”